ಚೌ ಮೀನ್: ಬಾಣಲೆಯೊಳಗಿನ ನೀರಿನ ಲೆಕ್ಕ

ಚೀನಾದ ದಕ್ಷಿಣ ಕರಾವಳಿಯ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿಯೂ ಹಾಂಗ್‌ಕಾಂಗಿನಲ್ಲಿಯೂ ಮಾಡುವ ಕ್ಯಾಂಟನೀಸ್ ಶೈಲಿಯ ಚೌ ಮೀನ್ ನೋಡುವುದಕ್ಕೆ ಬಹಳ ಸರಳವಾದ ತಿನಿಸು. ತೆಳ್ಳನೆಯ ಮೊಟ್ಟೆ ನೂಡಲ್ಸ್, ಕೋಳಿ ಅಥವಾ ಹಂದಿ ಮಾಂಸದ ಸಣ್ಣ ಹೋಳುಗಳು, ಎಲೆಕೋಸು, ಹೆಸರುಕಾಳಿನ ಉದ್ದನೆಯ ಮೊಳಕೆ, ಈರುಳ್ಳಿ ಸೊಪ್ಪು, ಇವೆಲ್ಲಕ್ಕೂ ತೆಳುವಾಗಿ ಹತ್ತಿದ ಸೋಯಾ ಸಾಸಿನ ಕಂದು ಬಣ್ಣ. ಚೆನ್ನಾಗಿ ಮಾಡಿದ ಚೌ ಮೀನ್‌ನಲ್ಲಿ ನೂಡಲ್ಸಿನ ಎಳೆಗಳು ಬಿಡಿಬಿಡಿಯಾಗಿರುತ್ತವೆ, ಮಾಂಸ ಮೆತ್ತಗಿರುತ್ತದೆ, ತರಕಾರಿ ಗರಿಯಾಗಿರುತ್ತದೆ, ತಟ್ಟೆಯ ತಳದಲ್ಲಿ ರಸ ನಿಂತಿರುವುದಿಲ್ಲ. ಅವೇ ಪದಾರ್ಥಗಳನ್ನು ಅದೇ ಅಳತೆಯಲ್ಲಿ ಮನೆಯ ಒಲೆಯ ಮೇಲೆ ಬೇಯಿಸಿದಾಗ ಅನೇಕರಿಗೆ ಸಿಗುವುದು ಮಾತ್ರ ಮೆದುವಾಗಿ ಮುದ್ದೆಗಟ್ಟಿದ ನೂಡಲ್ಸ್, ಬಿರುಸಾದ ಮಾಂಸ, ಬಾಡಿ ಸೊರಗಿದ ಎಲೆಕೋಸು. ಈ ವ್ಯತ್ಯಾಸಕ್ಕೆ ಯಾವುದೋ ಗುಟ್ಟಿನ ಸಾಸ್ ಕಾರಣವೆಂದು ಬಹಳ ಜನ ನಂಬುತ್ತಾರೆ. ಆದರೆ ಸಾಸಿಗೆ ಇಲ್ಲಿ ಎರಡನೆಯ ಸ್ಥಾನ. ಬಾಣಲೆಯೊಳಕ್ಕೆ ಎಷ್ಟು ನೀರು ಹೋಗುತ್ತದೆ, ಅದು ಎಷ್ಟು ಬೇಗ ಆವಿಯಾಗುತ್ತದೆ ಎಂಬುದೇ ಈ ಅಡಿಗೆಯ ಹದವನ್ನು ನಿರ್ಧರಿಸುತ್ತದೆ.

ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪದಾರ್ಥದ ಮೇಲ್ಮೈ ತೇವವಾಗಿರುವ ತನಕ, ಕೆಳಗಿನ ಉರಿ ಎಷ್ಟೇ ಜೋರಾಗಿರಲಿ, ಆ ಮೇಲ್ಮೈಯ ಉಷ್ಣತೆ ಈ ಮಿತಿಯನ್ನು ಹೆಚ್ಚು ದಾಟುವುದಿಲ್ಲ. ಹುರಿದ ಆಹಾರಕ್ಕೆ ಕಂದು ಬಣ್ಣವನ್ನೂ ಘಮವನ್ನೂ ಕೊಡುವ ರಾಸಾಯನಿಕ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಲಾರ್ಡ್ ಅವರ ಹೆಸರಿನಲ್ಲಿಯೇ ಅದನ್ನು ಮೈಲಾರ್ಡ್ ಕ್ರಿಯೆ ಎನ್ನುತ್ತಾರೆ. ಸಕ್ಕರೆಯ ಅಂಶಗಳೂ ಪ್ರೋಟೀನಿನ ಅಂಶಗಳೂ ಸೇರಿ ನಡೆಯುವ ಈ ಕ್ರಿಯೆ ಬಾಣಲೆಯಲ್ಲಿ ಚುರುಕಾಗಬೇಕಾದರೆ ಸುಮಾರು 140 ಡಿಗ್ರಿಯ ಕಾವು ಬೇಕು. ಎಂದರೆ ನೀರು ಪೂರ್ತಿ ಹೋಗುವ ಮುನ್ನ ಹುರಿಯುವುದು ಶುರುವೇ ಆಗುವುದಿಲ್ಲ. ಅಲ್ಲಿಯವರೆಗೆ ನಡೆಯುವುದು ಬೇಯುವುದು ಮಾತ್ರ.

ಈ ನೀರನ್ನು ಓಡಿಸಲು ಬೇಕಾದ ಶಾಖ ಎಷ್ಟೆಂದು ಲೆಕ್ಕ ಹಾಕಿದರೆ ಮನೆಯ ಒಲೆಯ ತೊಂದರೆ ಸ್ಪಷ್ಟವಾಗುತ್ತದೆ. ಕುದಿಬಿಂದುವಿಗೆ ಬಂದ 1 ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 2,260 ಕಿಲೋಜೂಲ್ ಶಕ್ತಿ ಬೇಕು. 100 ಗ್ರಾಂ ನೀರಿಗೆ 226 ಕಿಲೋಜೂಲ್. ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಸುಮಾರು 2.5 ಕಿಲೋವ್ಯಾಟ್ ಶಾಖ ಕೊಡುತ್ತದೆಂದೂ ಅದರಲ್ಲಿ ಅರ್ಧ ಮಾತ್ರ ಬಾಣಲೆಗೆ ಸೇರುತ್ತದೆಂದೂ ಇಟ್ಟುಕೊಂಡರೆ, ತರಕಾರಿ, ಮಾಂಸ ಮತ್ತು ಸರಿಯಾಗಿ ಸೋಸದ ನೂಡಲ್ಸ್‌ಗಳಿಂದ ಒಟ್ಟು 100 ಗ್ರಾಂ ನೀರು ಬಿಟ್ಟುಕೊಂಡಾಗ ಅದನ್ನು ಆವಿಯಾಗಿಸಲು ಮೂರು ನಿಮಿಷ ಹಿಡಿಯುತ್ತದೆ. ಆ ಮೂರು ನಿಮಿಷದಲ್ಲಿ ಎಲೆಕೋಸು ಇನ್ನಷ್ಟು ನೀರು ಬಿಡುತ್ತದೆ, ನೂಡಲ್ಸ್ ಆ ನೀರನ್ನು ಹೀರಿ ಉಬ್ಬುತ್ತದೆ, ಮಾಂಸ ತನ್ನ ಹದವನ್ನು ಮೀರಿ ಬೆಂದು ಗಟ್ಟಿಯಾಗುತ್ತದೆ. ಕ್ಯಾಂಟನೀಸ್ ಹೋಟೆಲಿನ ಬಾಣಲೆ ಒಲೆಗಳಾದರೋ 30 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಶಕ್ತಿಯವು. ಅದರಲ್ಲಿ ಮೂರನೆಯ ಒಂದು ಭಾಗ ಮಾತ್ರ ಬಾಣಲೆಗೆ ಸೇರಿದರೂ ಅಷ್ಟೇ ನೀರು 25 ಸೆಕೆಂಡಿನೊಳಗೆ ಮಾಯವಾಗುತ್ತದೆ. ಹೋಟೆಲಿನ ಅಡಿಗೆಯವರು ಹಸಿ ತರಕಾರಿಯನ್ನು ರಾಶಿ ಸುರಿದರೂ ಬಾಣಲೆ ತಣ್ಣಗಾಗದಿರುವುದಕ್ಕೆ ಕಾರಣ ಇದು.

ಮನೆಯಲ್ಲಿ ಅಷ್ಟು ಉರಿ ತರಲಾಗದು, ತರಬಾರದು ಕೂಡ. ಹಾಗಾಗಿ ಹೋಟೆಲಿನ ಒಲೆ ಬಾಣಲೆಯೊಳಗೆ ಮಾಡುವ ಕೆಲಸದಲ್ಲಿ ಬಹುಪಾಲನ್ನು ಮನೆಯ ಅಡಿಗೆಯವರು ಒಲೆ ಹೊತ್ತಿಸುವ ಮೊದಲೇ ಮುಗಿಸಿಕೊಳ್ಳಬೇಕು. ನೂಡಲ್ಸನ್ನು ಮೊದಲೇ ಬೇಯಿಸಿ ಆರಿಸುವುದು, ಮಾಂಸಕ್ಕೆ ಹಿಟ್ಟಿನ ತೆಳುವಾದ ಲೇಪ ಕೊಡುವುದು, ತರಕಾರಿಯ ತೇವ ಒರೆಸುವುದು, ಸಾಸುಗಳನ್ನು ಒಂದೇ ಬಟ್ಟಲಿನಲ್ಲಿ ಬೆರೆಸಿಡುವುದು, ಎಲ್ಲವನ್ನೂ ಒಟ್ಟಿಗೆ ಹಾಕದೆ ಒಂದೊಂದಾಗಿ ಹುರಿದು ಕೊನೆಯಲ್ಲಿ ಸೇರಿಸುವುದು: ಇವು ಬೇರೆ ಬೇರೆ ಉಪಾಯಗಳಂತೆ ಕಂಡರೂ ಎಲ್ಲವುಗಳ ಹಿಂದೆ ಇರುವುದು ಒಂದೇ ಉದ್ದೇಶ. ಮುಂದೆ ಹೇಳುವ ಅಳತೆಗಳು ಇಬ್ಬರಿಗೆ ಸಾಕಾಗುವಂಥವು. ನಾಲ್ವರಿಗೆ ಬೇಕಾದರೆ ಅಳತೆಯನ್ನು ಇಮ್ಮಡಿ ಮಾಡಿ ಒಂದೇ ಬಾಣಲೆಗೆ ಹಾಕದೆ ಎರಡು ಸಲ ಮಾಡಬೇಕು.

ಮೊದಲು ನೂಡಲ್ಸ್. ಗೋಧಿ ಹಿಟ್ಟಿಗೆ ಮೊಟ್ಟೆಯ ಜೊತೆಗೆ ಸ್ವಲ್ಪ ಕ್ಷಾರದ ನೀರನ್ನೂ ಸೇರಿಸಿ ಕಲಸುವುದು ಕ್ಯಾಂಟನೀಸ್ ನೂಡಲ್ಸಿನ ವಿಶೇಷ. ಈ ನೀರಿನಲ್ಲಿ ಇರುವುದು ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಸೋಡಿಯಂ ಕಾರ್ಬೊನೇಟ್. ಕ್ಷಾರವು ಗೋಧಿ ಹಿಟ್ಟಿಗೆ ಜಿಗುಟುತನ ಕೊಡುವ ಪ್ರೋಟೀನಾದ ಗ್ಲುಟೆನ್‌ನ ಜಾಲವನ್ನು ಬಿಗಿಗೊಳಿಸುತ್ತದೆ; ಆದ್ದರಿಂದ ಎಳೆ ಬೆಂದ ಮೇಲೂ ಪುಟಿಯುವಂತಿರುತ್ತದೆ, ಎರಡನೆಯ ಸಲ ಬಾಣಲೆಗೆ ಬಿದ್ದಾಗ ಬೇಗ ಕರಗಿ ಮುರಿಯುವುದಿಲ್ಲ. ಈ ನೂಡಲ್ಸಿನ ಹಳದಿ ಬಣ್ಣ ಬರಿಯ ಮೊಟ್ಟೆಯಿಂದ ಬಂದದ್ದೆಂದು ತಿಳಿಯುವವರಿದ್ದಾರೆ. ಹಿಟ್ಟಿನಲ್ಲಿಯೇ ಇರುವ, ಸಾಮಾನ್ಯವಾಗಿ ಬಣ್ಣವಿಲ್ಲದ ಫ್ಲೇವನಾಯ್ಡ್‌ಗಳು ಕ್ಷಾರದ ಸಂಪರ್ಕದಲ್ಲಿ ಹಳದಿಯಾಗುತ್ತವೆ, ಮೊಟ್ಟೆಯಿಲ್ಲದ ಕ್ಷಾರ ನೂಡಲ್ಸ್ ಕೂಡ ಹಳದಿಯಾಗಿರುವುದು ಇದರಿಂದಲೇ. ನಮ್ಮ ಅಂಗಡಿಗಳಲ್ಲಿ ಹಕ್ಕಾ ನೂಡಲ್ಸ್ ಎಂಬ ಹೆಸರಿನಲ್ಲಿ ಸಿಗುವ ಒಣ ನೂಡಲ್ಸ್ ಸಾಮಾನ್ಯವಾಗಿ ಮೈದಾದವು. ಅವುಗಳಿಂದಲೂ ಒಳ್ಳೆಯ ಚೌ ಮೀನ್ ಆಗುತ್ತದೆ, ಆದರೆ ಬೇಯಿಸುವಾಗ ಹೆಚ್ಚು ಎಚ್ಚರ ಬೇಕು.

ಇಬ್ಬರಿಗೆ 150 ಗ್ರಾಂ ಒಣ ನೂಡಲ್ಸ್ ಸಾಕು. ದೊಡ್ಡ ಪಾತ್ರೆಯಲ್ಲಿ ಧಾರಾಳವಾಗಿ ನೀರು ಕುದಿಸಿ, ಪೊಟ್ಟಣದ ಮೇಲೆ ಬರೆದಿರುವ ಸಮಯಕ್ಕಿಂತ ಒಂದು ನಿಮಿಷ ಮೊದಲೇ ಇಳಿಸಬೇಕು. ಎಳೆಯನ್ನು ಮುರಿದು ನೋಡಿದರೆ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಉಳಿದಿರುವ ಹದ ಸರಿ. ಕುದಿಯುವ ನೀರಿನಲ್ಲಿ ಹಿಟ್ಟಿನ ಪಿಷ್ಟ ನೀರು ಹೀರಿ ಉಬ್ಬುತ್ತದೆ, ಅದರಲ್ಲಿ ಒಂದು ಪಾಲು ಎಳೆಯಿಂದ ಹೊರಬಂದು ಮೇಲ್ಮೈಯಲ್ಲಿ ಅಂಟಾಗಿ ನಿಲ್ಲುತ್ತದೆ. ಇದನ್ನು ಹಾಗೆಯೇ ಬಿಟ್ಟರೆ ನೂಡಲ್ಸ್ ಆರುತ್ತಾ ಹೋದಂತೆ ಒಂದು ಗಟ್ಟಿಯಾದ ಉಂಡೆಯಾಗುತ್ತದೆ. ಸೋಸಿದ ಕೂಡಲೇ ತಣ್ಣೀರು ಹರಿಸಿ ಕೈಯಿಂದ ಕಲೆಸಿದರೆ ಆ ಅಂಟು ತೊಳೆದುಹೋಗುತ್ತದೆ, ಬೇಯುವುದೂ ಅಲ್ಲಿಗೇ ನಿಲ್ಲುತ್ತದೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಬಹುಮಂದಿ ಬಿಡುವುದು ಇದರ ಮುಂದಿನ ಹಂತವನ್ನು. ತೊಳೆದ ನೂಡಲ್ಸಿನ ಎಳೆಗಳ ನಡುವೆ ಕಣ್ಣಿಗೆ ಕಾಣದಂತೆ ಬಹಳಷ್ಟು ನೀರು ಸಿಕ್ಕಿಕೊಂಡಿರುತ್ತದೆ. ತೂತಿನ ಪಾತ್ರೆಯಲ್ಲಿ ಚೆನ್ನಾಗಿ ಕೊಡವಿ, ಅಗಲವಾದ ತಟ್ಟೆಯಲ್ಲಿ ಅಥವಾ ಶುಭ್ರವಾದ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಫ್ಯಾನಿನ ಗಾಳಿಗೆ ಅರ್ಧ ಗಂಟೆ ಬಿಡಬೇಕು. ಮುಟ್ಟಿದರೆ ಕೈಗೆ ತೇವ ಹತ್ತಬಾರದು. ಬಳಿಕ ಒಂದು ಟೀ ಚಮಚ ಎಣ್ಣೆ ಸವರಿಟ್ಟರೆ ಎಳೆಗಳು ಅಂಟಿಕೊಳ್ಳುವುದಿಲ್ಲ. ಹಿಂದಿನ ರಾತ್ರಿ ಬೇಯಿಸಿ ಫ್ರಿಜ್ಜಿನಲ್ಲಿಟ್ಟ ನೂಡಲ್ಸ್ ಇನ್ನೂ ಅನುಕೂಲ. ತಂಪಿನಲ್ಲಿ ಪಿಷ್ಟ ಮತ್ತೆ ಗಟ್ಟಿಯಾಗಿ ಎಳೆಗಳು ಬಿಗಿಯಾಗುತ್ತವೆ. ಎಣ್ಣೆಯನ್ನು ಒದ್ದೆ ನೂಡಲ್ಸಿಗೇ ಸುರಿಯುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ಅದು ಒಳಗಿನ ನೀರು ಹಾರಿಹೋಗದಂತೆ ಮುಚ್ಚಿಬಿಡುತ್ತದೆ.

ಮಾಂಸದ ವಿಷಯ ಇದಕ್ಕಿಂತ ಸೂಕ್ಷ್ಮ. ಕೋಳಿ ಮಾಂಸದ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. ಒಳಗಿನ ಉಷ್ಣತೆ 60–65 ಡಿಗ್ರಿ ದಾಟುತ್ತಿದ್ದಂತೆ ಪ್ರೋಟೀನಿನ ಎಳೆಗಳು ಬಿಗಿಯಾಗಿ ಹಿಂಡಿಕೊಂಡು ಈ ನೀರನ್ನು ಹೊರದೂಡುತ್ತವೆ. ಹೀಗಾದಾಗ ಎರಡು ಕಡೆ ನಷ್ಟ: ಮಾಂಸ ಒಣಗಿ ಬಿರುಸಾಗುತ್ತದೆ, ಬಾಣಲೆ ಒದ್ದೆಯಾಗುತ್ತದೆ. ಚೀನೀ ಅಡಿಗೆಮನೆಗಳು ಇದಕ್ಕೆ ಕಂಡುಕೊಂಡ ಪರಿಹಾರ, ಹೋಳುಗಳನ್ನು ಹುರಿಯುವ ಮುನ್ನ ಸ್ವಲ್ಪ ದ್ರವ ಮತ್ತು ಪಿಷ್ಟದಲ್ಲಿ ನೆನೆಸಿಡುವುದು. 150 ಗ್ರಾಂ ಮೂಳೆಯಿಲ್ಲದ ಕೋಳಿ ತೊಡೆಯ ಮಾಂಸವನ್ನು ಬೆರಳುದ್ದದ ತೆಳ್ಳನೆಯ ಹೋಳುಗಳಾಗಿ ಕತ್ತರಿಸಬೇಕು. ಮಾಂಸದ ನಾರು ಯಾವ ದಿಕ್ಕಿಗೆ ಓಡುತ್ತದೋ ಅದಕ್ಕೆ ಅಡ್ಡಲಾಗಿ ಕತ್ತರಿಸಿದರೆ ನಾರುಗಳು ತುಂಡಾಗಿ, ಅಗಿಯುವಾಗ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಫ್ರೀಜರಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆದ ಮಾಂಸ ಚಾಕುವಿಗೆ ಜಾರದೆ ನಿಲ್ಲುತ್ತದೆ. ಈ ಹೋಳುಗಳಿಗೆ ಒಂದು ದೊಡ್ಡ ಚಮಚ ನೀರು, ಒಂದು ಟೀ ಚಮಚ ತಿಳಿ ಸೋಯಾ ಸಾಸ್, ಚಿಟಿಕೆ ಬಿಳಿ ಮೆಣಸಿನ ಪುಡಿ ಹಾಕಿ, ನೀರನ್ನೆಲ್ಲ ಮಾಂಸ ಹೀರಿಕೊಳ್ಳುವ ತನಕ ಕೈಯಿಂದ ಕಲೆಸಿ, ಆಮೇಲೆ ಒಂದು ಟೀ ಚಮಚ ಕಾರ್ನ್‌ಫ್ಲೋರ್, ಕಡೆಯಲ್ಲಿ ಒಂದು ಟೀ ಚಮಚ ಎಣ್ಣೆ ಸೇರಿಸಿ 20 ನಿಮಿಷ ಬಿಡಬೇಕು.

ನೀರನ್ನು ದೂರವಿಡಬೇಕೆಂದು ಹೇಳುತ್ತಲೇ ಮಾಂಸಕ್ಕೆ ನೀರು ಕುಡಿಸುವುದು ವಿರೋಧಾಭಾಸದಂತೆ ಕಾಣಬಹುದು. ಆದರೆ ಬಾಣಲೆಯ ಕಾವು ತಾಕಿದ ಕೂಡಲೇ ಕಾರ್ನ್‌ಫ್ಲೋರ್ ಬೆಂದು ಹೋಳಿನ ಸುತ್ತ ತೆಳುವಾದ ಪೊರೆಯಾಗುತ್ತದೆ. ಒಳಗಿನ ರಸವನ್ನು ಬಹುಮಟ್ಟಿಗೆ ತಡೆಹಿಡಿಯುವ ಈ ಪೊರೆ, ಸೋರಿಬಂದ ಅಲ್ಪಸ್ವಲ್ಪ ರಸವನ್ನು ತಾನೇ ಹೀರಿಕೊಳ್ಳುತ್ತದೆ, ಮುಂದೆ ಸಾಸ್ ಹತ್ತಿಕೊಳ್ಳುವುದಕ್ಕೂ ನೆರವಾಗುತ್ತದೆ. ದನದ ಮಾಂಸದಂಥ ಗಟ್ಟಿ ಮಾಂಸವಾದರೆ 250 ಗ್ರಾಮಿಗೆ ಕಾಲು ಟೀ ಚಮಚದಷ್ಟು ಅಡಿಗೆ ಸೋಡಾ ಸೇರಿಸುವ ಪದ್ಧತಿಯೂ ಇದೆ. ಸೋಡಾದ ಕ್ಷಾರಗುಣದಿಂದ ಪ್ರೋಟೀನಿನ ಎಳೆಗಳು ಒಂದನ್ನೊಂದು ದೂರ ತಳ್ಳುವುದರಿಂದ ಕಾವಿಗೆ ಅವು ಬಿಗಿಯಾಗಿ ಹೆಣೆದುಕೊಳ್ಳಲಾರವು, ನೀರು ಒಳಗೇ ಉಳಿಯುತ್ತದೆ. ಅಳತೆ ಮೀರಿದರೆ ಸಾಬೂನಿನಂಥ ರುಚಿ ಬರುತ್ತದೆ. ಕೋಳಿ ತೊಡೆಯ ಮಾಂಸಕ್ಕೆ ಇದರ ಅಗತ್ಯವೇ ಇಲ್ಲ.

ಹೋಟೆಲುಗಳಲ್ಲಿ ಹೀಗೆ ಲೇಪಿಸಿದ ಮಾಂಸವನ್ನು ಹದವಾಗಿ ಕಾದ ಬಹಳಷ್ಟು ಎಣ್ಣೆಯಲ್ಲಿ ಅರೆಬೇಯಿಸಿ ತೆಗೆದಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಅಷ್ಟು ಎಣ್ಣೆ ದಂಡ. ಬಿಸಿ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಹುರಿದುಕೊಂಡರೆ ಸಾಕು.

ತರಕಾರಿಗೆ 80 ಗ್ರಾಂ ಎಲೆಕೋಸು, ಒಂದು ಸಣ್ಣ ಕ್ಯಾರೆಟ್, 80 ಗ್ರಾಂ ಮೊಳಕೆ, ನಾಲ್ಕು ಎಸಳು ಈರುಳ್ಳಿ ಸೊಪ್ಪು. ಇಲ್ಲಿ ಹೇಳುತ್ತಿರುವ ಮೊಳಕೆ ನಾವು ಕೋಸಂಬರಿಗೆ ಬಳಸುವ, ತುಸುವೇ ಬಾಲ ಬಂದ ಹೆಸರುಕಾಳಲ್ಲ. ಕತ್ತಲಲ್ಲಿ ಬೆರಳುದ್ದ ಬೆಳೆಸಿದ ಬಿಳಿ ದಂಟಿನ ಮೊಳಕೆ. ಸಿಗದಿದ್ದರೆ ಬಿಟ್ಟು ಎಲೆಕೋಸನ್ನೇ ಸ್ವಲ್ಪ ಹೆಚ್ಚಿಸುವುದು ಮೇಲು. ಎಲೆಕೋಸಿನಲ್ಲಿಯೂ ಮೊಳಕೆಯಲ್ಲಿಯೂ ಶೇಕಡಾ 90ಕ್ಕೂ ಹೆಚ್ಚು ನೀರಿರುತ್ತದೆ, ಆದರೆ ಆ ನೀರು ಜೀವಕೋಶಗಳ ಒಳಗಿರುತ್ತದೆ. ಕೋಶದ ಗೋಡೆಗಳು ಒಡೆಯುವ ಮೊದಲೇ ಬಾಣಲೆಯಿಂದ ಇಳಿಸಿದರೆ ಅದು ಹೊರಗೆ ಬರುವುದಿಲ್ಲ. ತರಕಾರಿಯ ಗರಿತನವೆಂದರೆ ಒಳಗೇ ಉಳಿದ ಆ ನೀರಿನ ಒತ್ತಡ. ಆದ್ದರಿಂದ ತರಕಾರಿಗೆ ಮೊದಲೇ ಉಪ್ಪು ಹಾಕಬಾರದು, ಏಕೆಂದರೆ ಉಪ್ಪು ಕೋಶಗಳಿಂದ ನೀರನ್ನು ಸೆಳೆಯುತ್ತದೆ. ಕತ್ತರಿಸುವ ಅಗಲ ಒಂದೇ ಸಮನಾಗಿರಬೇಕು, ತೊಳೆದ ನೀರು ಪೂರ್ತಿ ಆರಿರಬೇಕು. ಹಾಂಗ್‌ಕಾಂಗಿನ ಅನೇಕ ಅಡಿಗೆಯವರು ಮೊಳಕೆಯನ್ನು ಬೇರೆಯಾಗಿ ಕ್ಷಣಕಾಲ ಹುರಿದು ತೆಗೆದಿಟ್ಟು ಕೊನೆಯಲ್ಲಿ ಸೇರಿಸುತ್ತಾರೆ.

ಸಾಸಿನ ಮಿಶ್ರಣಕ್ಕೆ ಒಂದು ದೊಡ್ಡ ಚಮಚ ತಿಳಿ ಸೋಯಾ ಸಾಸ್, ಒಂದು ಟೀ ಚಮಚ ಗಾಢ ಸೋಯಾ ಸಾಸ್, ಎರಡು ಟೀ ಚಮಚ ಆಯ್ಸ್ಟರ್ (ಸಿಂಪಿ) ಸಾಸ್, ಅರ್ಧ ಟೀ ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಶಾವ್‌ಶಿಂಗ್ ಅಕ್ಕಿ ಮದ್ಯ. ತಿಳಿ ಸೋಯಾ ಉಪ್ಪಿಗೂ ರುಚಿಗೂ, ಗಾಢ ಸೋಯಾ ಬಣ್ಣಕ್ಕೆ. ಒಂದರ ಬದಲು ಇನ್ನೊಂದನ್ನು ಅದೇ ಅಳತೆಯಲ್ಲಿ ಹಾಕಿದರೆ ಕೆಲಸ ಕೆಡುತ್ತದೆ. ಆಯ್ಸ್ಟರ್ ಸಾಸನ್ನು 1888ರಲ್ಲಿ ಗ್ವಾಂಗ್‌ಡಾಂಗಿನ ನಾನ್‌ಶುಯಿ ಎಂಬಲ್ಲಿ ಲೀ ಕುಮ್ ಶೂಂಗ್ ಎಂಬವರು ರೂಪಿಸಿದರೆಂದು ಅವರು ಕಟ್ಟಿದ ಕಂಪನಿಯ ಇತಿಹಾಸ ಹೇಳುತ್ತದೆ. ಇಂದಿನ ಬಾಟಲಿಯಲ್ಲಿ ಸಿಂಪಿಯ ಸಾರದ ಜೊತೆಗೆ ಸಕ್ಕರೆಯೂ ಪಿಷ್ಟವೂ ಇರುತ್ತವೆ, ನೂಡಲ್ಸಿನ ಮೇಲಿನ ಹೊಳಪು ಬಹುಮಟ್ಟಿಗೆ ಅದರದೇ. ಸಿಂಪಿ ಬೇಡವೆನ್ನುವವರಿಗೆ ಅಣಬೆಯಿಂದ ಮಾಡಿದ ಸಾಸ್ ಸಿಗುತ್ತದೆ. ಝೆಜಿಯಾಂಗ್ ಪ್ರಾಂತ್ಯದ ಶಾವ್‌ಶಿಂಗ್ ಮದ್ಯ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಇಲ್ಲದಿದ್ದರೆ ಬಿಟ್ಟುಬಿಡಬೇಕೇ ಹೊರತು ಅದರ ಜಾಗದಲ್ಲಿ ವಿನೆಗರ್ ಸುರಿಯಬಾರದು. ಕ್ಯಾಂಟನೀಸ್ ಚೌ ಮೀನ್ ಬಾಣಲೆಯಲ್ಲಿ ಹುಳಿಯನ್ನು ಬಯಸುವುದಿಲ್ಲ. ಗರಿಗರಿಯಾಗಿ ಕರಿದ ನೂಡಲ್ಸಿನ ಜೊತೆಗೆ ಹಾಂಗ್‌ಕಾಂಗಿನಲ್ಲಿ ಕೆಂಪು ವಿನೆಗರ್ ಕೊಡುವುದುಂಟು, ಅದನ್ನು ತಿನ್ನುವವರು ತಟ್ಟೆಯಲ್ಲಿ ಹಾಕಿಕೊಳ್ಳುತ್ತಾರೆ.

ಅಜಿನೊಮೊಟೊ ಬೇಕೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಕಡಲ ಪಾಚಿಯಿಂದ ಗ್ಲುಟಮೇಟ್ ಬೇರ್ಪಡಿಸಿ ಅದರ ರುಚಿಯನ್ನು ಗುರುತಿಸಿದರು, ಮರುವರ್ಷ ಅದು ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸೋಯಾ ಸಾಸಿನಲ್ಲಿ ಹುದುಗುವಿಕೆಯಿಂದಲೇ ಸಾಕಷ್ಟು ಗ್ಲುಟಮೇಟ್ ಇರುತ್ತದೆ. ಹೀಗಾಗಿ ಎರಡು ಬಗೆಯ ಸೋಯಾ ಮತ್ತು ಆಯ್ಸ್ಟರ್ ಸಾಸ್ ಹಾಕಿದ ಮೇಲೆ ಪ್ರತ್ಯೇಕವಾಗಿ ಸೇರಿಸುವ ಅವಶ್ಯಕತೆ ನನಗೆ ಕಂಡಿಲ್ಲ. ಬೇರೆ ಉಪ್ಪು ಕೂಡ ಬೇಡ. ದ್ರವಗಳ ಒಟ್ಟು ಅಳತೆ ಮೂರು ದೊಡ್ಡ ಚಮಚಕ್ಕಿಂತ ಹೆಚ್ಚಾಗಬಾರದೆಂಬುದು ಮಾತ್ರ ಮುಖ್ಯ, ಏಕೆಂದರೆ ಸಾಸ್ ಕೂಡ ಬಾಣಲೆಯ ಮಟ್ಟಿಗೆ ನೀರೇ.

ಬಾಣಲೆಯ ಆಯ್ಕೆಯಲ್ಲಿ ನಾನ್‌ಸ್ಟಿಕ್ ಪಾತ್ರೆಗೆ ಇಲ್ಲಿ ಜಾಗವಿಲ್ಲ; ಅದರ ಲೇಪನ ಈ ಅಡಿಗೆ ಬೇಡುವ ಕಾವನ್ನು ತಾಳಲಾರದು. ಚೀನೀ ಅಡಿಗೆಯವರು ಬಳಸುವುದು ತೆಳುವಾದ ಕಾರ್ಬನ್ ಸ್ಟೀಲಿನ ಅಥವಾ ಎರಕದ ಕಬ್ಬಿಣದ ಬಾಣಲೆ. ಗ್ವಾಂಗ್‌ಝೌ ಪಕ್ಕದ ಫೋಶಾನ್ ನಗರ ಮಿಂಗ್ ಮತ್ತು ಚಿಂಗ್ ಅರಸರ ಕಾಲದಲ್ಲಿ ಕಬ್ಬಿಣದ ಬಾಣಲೆಗಳಿಗೆ ಹೆಸರಾಗಿತ್ತು. ನಮ್ಮ ಹಳೆಯ ದೋಸೆ ಕಾವಲಿ ಪಳಗಿದಂತೆಯೇ ಈ ಬಾಣಲೆಯೂ ಪಳಗುತ್ತದೆ: ಎಣ್ಣೆಯ ತೆಳುವಾದ ಪದರ ಕಾವಿಗೆ ಗಟ್ಟಿಯಾಗಿ ಲೋಹಕ್ಕೆ ಅಂಟಿ, ಕಪ್ಪಗೆ ನುಣುಪಾಗಿ, ಆಹಾರ ಕಚ್ಚಿಕೊಳ್ಳದಂತೆ ಮಾಡುತ್ತದೆ. ಮನೆಯ ಒಲೆಗೆ ತಳ ಚಪ್ಪಟೆಯಾದ ಬಾಣಲೆ ಹೆಚ್ಚು ಒಳ್ಳೆಯದು, ಏಕೆಂದರೆ ದುಂಡು ತಳದ ಬಾಣಲೆಗೆ ನಮ್ಮ ಬರ್ನರಿನ ಉರಿ ಒಂದು ಉಂಗುರದಷ್ಟು ಮಾತ್ರ ತಾಕುತ್ತದೆ. ಎಣ್ಣೆ ರಿಫೈನ್ಡ್ ಕಡಲೆಕಾಯಿ ಎಣ್ಣೆಯೇ ಇರಲಿ. ಗ್ವಾಂಗ್‌ಡಾಂಗಿನಲ್ಲಿಯೂ ಕಡಲೆಕಾಯಿ ಎಣ್ಣೆಯ ಬಳಕೆ ಹೆಚ್ಚು, ಅದು ಹೊಗೆಯಾಡಲು ಸುಮಾರು 230 ಡಿಗ್ರಿ ಬೇಕು. ಚೀನೀಯರ ಎಳ್ಳೆಣ್ಣೆ ಹುರಿದ ಎಳ್ಳಿನಿಂದ ತೆಗೆದದ್ದು, ಘಾಟಾದ ಪರಿಮಳದ್ದು. ಅದನ್ನು ಒಲೆ ಆರಿಸಿದ ಮೇಲೆ ಕೆಲವೇ ಹನಿ ಹಾಕುತ್ತಾರೆ. ನಮ್ಮ ಉಪ್ಪಿನಕಾಯಿಯ ಎಳ್ಳೆಣ್ಣೆಯಿಂದ ಆ ಪರಿಮಳ ಬರುವುದಿಲ್ಲ.

ಇನ್ನು ಹುರಿಯುವ ಕೆಲಸ. ಬಾಣಲೆಯನ್ನು ಖಾಲಿಯಾಗಿಯೇ ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ ಕಾಯಿಸಬೇಕು. ನೀರಿನ ಹನಿ ಚಿಮುಕಿಸಿದರೆ ಅದು ಚುರ್ ಎಂದು ಕೂಡಲೇ ಆರಿಹೋಗದೆ, ಗುಂಡಗಾಗಿ ಮೇಲೆ ಉರುಳಾಡತೊಡಗಿದರೆ ಕಾವು ಬಂದಿದೆಯೆಂದು ಅರ್ಥ. ಹನಿಯ ಕೆಳಗೆ ಹುಟ್ಟುವ ಆವಿಯ ಪದರವೇ ಅದನ್ನು ಎತ್ತಿಹಿಡಿದಿರುತ್ತದೆ. ಆಗ ಒಂದು ದೊಡ್ಡ ಚಮಚ ಎಣ್ಣೆ ಬಿಟ್ಟು ಸುತ್ತಲೂ ಹರಿಯುವಂತೆ ಬಾಣಲೆಯನ್ನು ಓರೆ ಮಾಡಿ, ಮಾಂಸದ ಹೋಳುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಬೇಕು. ಹಾಕಿದ ತಕ್ಷಣ ಸಟ್ಟುಗ ಆಡಿಸುವ ಆತುರವನ್ನು ತಡೆದುಕೊಳ್ಳಬೇಕು. ಮಾಂಸ ಮೊದಲು ಲೋಹಕ್ಕೆ ಕಚ್ಚಿಕೊಳ್ಳುತ್ತದೆ, ತಳ ಕಂದಾದ ಮೇಲೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಅದಕ್ಕೆ 40 ಸೆಕೆಂಡಿನಷ್ಟು ಕಾಯಬೇಕು. ಮಗುಚಿ ಇನ್ನೊಂದು ನಿಮಿಷ ಹುರಿದು, ಹಸಿ ಗುಲಾಬಿ ಬಣ್ಣ ಬಹುಪಾಲು ಹೋದ ಮೇಲೆ ತಟ್ಟೆಗೆ ತೆಗೆಯಬೇಕು. ಉಳಿದ ಬೇಯುವಿಕೆ ಎರಡನೆಯ ಸುತ್ತಿನಲ್ಲಿ ಮುಗಿಯುತ್ತದೆ.

ಬಾಣಲೆ ಒರೆಸಿ, ಮತ್ತೆ ಹೊಗೆಯಾಡುವಷ್ಟು ಕಾಯಿಸಿ, ಇನ್ನೊಂದು ದೊಡ್ಡ ಚಮಚ ಎಣ್ಣೆ ಹಾಕಿ, ಆರಿದ ನೂಡಲ್ಸನ್ನು ಚಪ್ಪಟೆಯಾಗಿ ಹರಡಬೇಕು. ಇಲ್ಲಿಯೂ ಒಂದು ನಿಮಿಷ ಮುಟ್ಟದೆ ಬಿಟ್ಟು, ತಳದಲ್ಲಿ ಅಲ್ಲಲ್ಲಿ ಹೊಂಬಣ್ಣ ಬಂದಾಗ ಮಗುಚಿ ಮತ್ತೊಂದು ನಿಮಿಷ ಬಿಡಬೇಕು. ಈ ಎರಡು ನಿಮಿಷಗಳಲ್ಲಿ ಕೆಲವು ಎಳೆಗಳ ತುದಿ ಗರಿಯಾಗುತ್ತದೆ, ಉಳಿದವು ಮೃದುವಾಗಿಯೇ ಇರುತ್ತವೆ. ಈ ಎರಡು ಹದಗಳು ಒಂದೇ ತುತ್ತಿನಲ್ಲಿ ಸಿಗುವುದೇ ಚೌ ಮೀನ್‌ನ ಸೊಗಸು ಎಂದು ನನ್ನ ಅಭಿಪ್ರಾಯ. ನೂಡಲ್ಸನ್ನೂ ತೆಗೆದಿಟ್ಟ ಮೇಲೆ, ಸ್ವಲ್ಪ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಕೊಯ್ದ ಶುಂಠಿ, ಈರುಳ್ಳಿ ಸೊಪ್ಪಿನ ಬಿಳಿ ಭಾಗ ಹಾಕಿ ಹತ್ತು ಸೆಕೆಂಡು ಹುರಿಯಬೇಕು. ಬೆಳ್ಳುಳ್ಳಿ ಕಂದಾಗುವ ಮುನ್ನ ಕ್ಯಾರೆಟ್ ಮತ್ತು ಎಲೆಕೋಸು ಬೀಳಬೇಕು. ಮುಕ್ಕಾಲು ನಿಮಿಷದಲ್ಲಿ ಎಲೆಕೋಸಿನ ಅಂಚುಗಳು ಸುಟ್ಟಂತೆ ಕಂಡು ಬಣ್ಣ ತಿಳಿಯಾಗುತ್ತದೆ. ಆಗ ನೂಡಲ್ಸ್ ಮತ್ತು ಮಾಂಸ ಎರಡನ್ನೂ ಮರಳಿ ಹಾಕಿ, ಸಾಸನ್ನು ನಡುವೆ ಸುರಿಯದೆ ಬಾಣಲೆಯ ಬದಿಗಳ ಸುತ್ತ ತೆಳುವಾಗಿ ಬಿಡಬೇಕು. ಬಿಸಿ ಲೋಹದ ಮೇಲೆ ಹರಿಯುವಾಗ ಸಾಸಿನ ನೀರು ಕ್ಷಣದಲ್ಲಿ ಆರಿ, ಅದರ ಸಕ್ಕರೆ ತುಸು ಕರಟಿ, ಸೋಯಾದ ಹಸಿ ವಾಸನೆ ಹೋಗುತ್ತದೆ. ಎರಡು ಸಟ್ಟುಗಗಳಿಂದ ಅಥವಾ ಉದ್ದನೆಯ ಚಾಪ್‌ಸ್ಟಿಕ್ಕುಗಳಿಂದ ಎತ್ತೆತ್ತಿ ಬಿಡಿಸುತ್ತಾ ಬಣ್ಣ ಸಮನಾದ ಮೇಲೆ, ಮೊಳಕೆಯನ್ನೂ ಸೊಪ್ಪಿನ ಹಸಿರು ಭಾಗವನ್ನೂ ಸೇರಿಸಿ 20 ಸೆಕೆಂಡಿನಲ್ಲಿ ಒಲೆ ಆರಿಸಬೇಕು. ಒಂದು ದಪ್ಪ ಹೋಳನ್ನು ಮುರಿದು ಮಾಂಸ ಒಳಗೂ ಬೆಂದಿದೆಯೆಂದು ನೋಡಿಕೊಳ್ಳುವುದು ಕಡ್ಡಾಯ. ಥರ್ಮಾಮೀಟರ್ ಇದ್ದರೆ ಕೋಳಿಗೆ 74 ಡಿಗ್ರಿ ಸುರಕ್ಷಿತ.

ಕ್ಯಾಂಟನೀಸರು ‘ವೋಕ್ ಹೇ’ ಎಂದು ಕರೆಯುವ, ಹೊಗೆಯ ಛಾಯೆಯುಳ್ಳ ಆ ವಿಶೇಷ ಪರಿಮಳ ಹೀಗೆ ಮಾಡಿದರೆ ಬರುತ್ತದೆಯೇ? ಪೂರ್ತಿಯಾಗಿ ಬರುವುದಿಲ್ಲವೆಂದು ಹೇಳುವುದೇ ಪ್ರಾಮಾಣಿಕ ಉತ್ತರ. ಹೋಟೆಲಿನಲ್ಲಿ ಆಹಾರವನ್ನು ಗಾಳಿಗೆ ಎಸೆದಾಗ ಎಣ್ಣೆಯ ಸೂಕ್ಷ್ಮ ಹನಿಗಳು ಬಾಣಲೆಯ ಅಂಚನ್ನು ದಾಟಿ ಬರುವ ಜ್ವಾಲೆಗೆ ತಾಕಿ ಹೊತ್ತಿಕೊಳ್ಳುತ್ತವೆ, ಆ ಸುಟ್ಟ ವಾಸನೆ ಕೆಳಗೆ ಬೀಳುವ ನೂಡಲ್ಸಿಗೆ ಹತ್ತುತ್ತದೆ. ಜೊತೆಗೆ ಎಸೆದಾಗಲೆಲ್ಲ ಆವಿ ಚದುರಿಹೋಗುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಹಂಗ್‌ಟಾಂಗ್ ಕೋ ಮತ್ತು ಡೇವಿಡ್ ಹು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಫ್ರೈಡ್ ರೈಸ್ ಮಾಡುವ ವೃತ್ತಿಪರರ ಕೈಚಲನೆಯನ್ನು ಅಳೆದರು. ಬಾಣಲೆಯನ್ನು ಒಲೆಯ ಅಂಚಿಗೆ ಆನಿಸಿಕೊಂಡೇ ಅವರು ಸೆಕೆಂಡಿಗೆ ಸುಮಾರು 2.7 ಸಲ ಅನ್ನವನ್ನು ಎಸೆಯುತ್ತಾರೆಂದು ತಿಳಿದುಬಂತು. ಅಷ್ಟು ಉರಿಯ ಮೇಲೆ ಅನ್ನ ಸೀಯದೆ ಹುರಿಯುವುದು ಈ ವೇಗದಿಂದ. ಮನೆಯ ಒಲೆಯಲ್ಲಿ ಬಾಣಲೆಯನ್ನು ಎತ್ತಿ ಎಸೆಯುವುದು ಮಾತ್ರ ಲಾಭದ ಮಾತಲ್ಲ. ಎತ್ತಿದಷ್ಟು ಹೊತ್ತೂ ಮೊದಲೇ ಕಡಿಮೆಯಿರುವ ಶಾಖ ಇನ್ನೂ ಕಡಿಮೆಯಾಗುತ್ತದೆ. ಬಾಣಲೆಯನ್ನು ಉರಿಯ ಮೇಲೆಯೇ ಬಿಟ್ಟು ಸಟ್ಟುಗದಿಂದ ಕೆಲಸ ಮಾಡುವುದು, ಸಾಸನ್ನು ಬದಿಗೆ ಬಿಟ್ಟು ಕರಟಿಸುವುದು, ಚೆನ್ನಾಗಿ ಪಳಗಿದ ಕಬ್ಬಿಣವನ್ನು ಬಳಸುವುದು, ಇಷ್ಟರಿಂದ ಆ ಪರಿಮಳದ ಹತ್ತಿರಕ್ಕೆ ಹೋಗಬಹುದು.

ಚೀನಾದಲ್ಲಿ ಎಲ್ಲೆಡೆ ಚೌ ಮೀನ್ ಹೀಗೆ ಒಣದಾಗಿಯೇ ಇರುವುದಿಲ್ಲ. ಶಾಂಘೈನ ದಪ್ಪ ನೂಡಲ್ಸಿನ ಬಗೆಯಲ್ಲಿ ಗಾಢ ಸೋಯಾ ಧಾರಾಳವಾಗಿರುತ್ತದೆ, ಹಂದಿ ಮಾಂಸದ ಎಳೆಗಳೂ ಸೊಪ್ಪೂ ಇರುತ್ತವೆ, ನೂಡಲ್ಸ್ ಸ್ವಲ್ಪ ಹೊತ್ತು ಸಾಸಿನಲ್ಲಿ ಬೇಯುತ್ತದೆ. ಗ್ವಾಂಗ್‌ಝೌ ನಗರದ ಶಾಹೆ ಎಂಬ ಜಾಗದ ಹೆಸರು ಹೊತ್ತ ಅಗಲವಾದ ಅಕ್ಕಿ ನೂಡಲ್ಸನ್ನು ದನದ ಮಾಂಸ ಮತ್ತು ಮೊಳಕೆಯೊಂದಿಗೆ ಹುರಿಯುವ ಬಗೆ ಇನ್ನೂ ಕಠಿಣ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲದಿರುವುದರಿಂದ ಸಟ್ಟುಗ ತುಸು ಜೋರಾದರೂ ಪಟ್ಟಿಗಳು ಹರಿದುಹೋಗುತ್ತವೆ. ಹೊಸ ಅಡಿಗೆಯವನ ಕೈಯನ್ನು ಪರೀಕ್ಷಿಸಲು ಕ್ಯಾಂಟನೀಸ್ ಅಡಿಗೆಮನೆಗಳಲ್ಲಿ ಇದನ್ನೇ ಮಾಡಿಸುವುದುಂಟು.

ಕರ್ನಾಟಕದ ಬೀದಿಗಳಲ್ಲಿ ತಳ್ಳುಗಾಡಿಯವರು ಮಾಡುವ ನೂಡಲ್ಸಿನ ವಂಶಾವಳಿ ಬೇರೆ. ಅದು ಕೋಲ್ಕತ್ತಾದಲ್ಲಿ ನೆಲೆಸಿದ ಚೀನೀ ಸಮುದಾಯದ, ಮುಖ್ಯವಾಗಿ ಟಾಂಗ್ರಾದ ಹಕ್ಕಾ ಕುಟುಂಬಗಳ, ಅಡಿಗೆಯಿಂದ ಬೆಳೆದು ಭಾರತದ ರುಚಿಗೆ ಹೊಂದಿಕೊಂಡದ್ದು. ಹಸಿಮೆಣಸು, ವಿನೆಗರ್, ಕೆಂಪು ಚಿಲ್ಲಿ ಸಾಸ್ ಅದರ ಗುರುತು. ಅದನ್ನು ಕೀಳೆಂದು ತಿಳಿಯಲು ಕಾರಣವಿಲ್ಲ, ಅದಕ್ಕೆ ಅದರದೇ ಸ್ವಾದವಿದೆ. ಆದರೆ ಬಣ್ಣದ ವಿಷಯದಲ್ಲಿ ಮೂಲದ ಪಾಠ ಉಪಯೋಗಕ್ಕೆ ಬರುತ್ತದೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಚೌ ಮೀನ್‌ಗೆ ಬೇಕಾದ ಬಣ್ಣವನ್ನು ಒಂದು ಟೀ ಚಮಚ ಗಾಢ ಸೋಯಾ ಮತ್ತು ಬಾಣಲೆಯ ಕಾವು ಸೇರಿ ಕೊಡಬಲ್ಲವು.

ಗಾಡಿಯವರ ದೊಡ್ಡ ಉರಿಯ ಒಲೆಗೆ ಹೋಲಿಸಿದರೆ ಮನೆಯ ಒಲೆ ಸಣ್ಣದು ಎಂಬುದನ್ನು ಒಪ್ಪಿಕೊಂಡು, ನಾಲ್ವರಿಗೆ ಮಾಡುವಾಗ ಎರಡನೆಯ ಪಾಲನ್ನು ಹುರಿಯುವ ಮುನ್ನ ಬಾಣಲೆಗೆ ಎರಡು ನಿಮಿಷ ಕಾಯುವ ಸಮಯ ಕೊಡಬೇಕು. ತಳಕ್ಕೆ ಹತ್ತಿದ ಸಾಸನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಉರಿಯ ಮೇಲಿಟ್ಟು ಪೂರ್ತಿ ಒಣಗಿಸದಿದ್ದರೆ ಆ ಸಕ್ಕರೆ ಎರಡನೆಯ ಸಲ ಸೀದು ಕಹಿಯಾಗುತ್ತದೆ. ಮೊದಲ ಪಾಲನ್ನು ಮುಚ್ಚಳ ಹಾಕಿ ಇಡಬಾರದು. ಒಳಗೆ ಕೂಡಿದ ಹಬೆ ಹನಿಯಾಗಿ ನೂಡಲ್ಸಿನ ಮೇಲೆಯೇ ಬೀಳುತ್ತದೆ. ಅಗಲವಾದ ತಟ್ಟೆಯಲ್ಲಿ ತೆರೆದೇ ಇಟ್ಟು, ಹಸಿದವರಿಗೆ ಮೊದಲು ಬಡಿಸಿಬಿಡುವುದು ಒಳ್ಳೆಯದು.